ಎರಡು ಸಲ ಬೆಳಕು ಕಂಡ ರೀಲು

ಹರಿಹರದ ಹಳೇ ಪೇಟೆಯಲ್ಲಿ ಪಾಲಾಕ್ಷ ಎಂಬ ಫೋಟೋಗ್ರಾಫರ್ ಇದ್ದ. ಅವನ ಸ್ಟುಡಿಯೋದಲ್ಲಿ ಒಂದು ಕುರ್ಚಿ, ಕುರ್ಚಿಯ ಪಕ್ಕ ಪ್ಲಾಸ್ಟಿಕ್ ಹೂವಿನ ಕುಂಡ, ಹಿಂದೆ ಬೆಟ್ಟ ಮತ್ತು ಸರೋವರ ಬರೆದ ಒಂದು ಪರದೆ. ಊರಿನ ಅರ್ಧಕ್ಕರ್ಧ ಜನ ಆ ಸರೋವರದ ಮುಂದೆ ಕೂತು ಎದ್ದವರೇ. ಆ ಸರೋವರ ಎಲ್ಲಿದೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಪಾಲಾಕ್ಷನಿಗೆ ಗೊತ್ತಿರಲಿಲ್ಲ.

ಇದು ರೀಲಿನ ಕಾಲದ ಮಾತು. ರೀಲು ಎಂದರೆ ಈಗಿನ ಮಕ್ಕಳು ಫೋನಿನ ಮುಂದೆ ಕುಣಿಯುವ ರೀಲಲ್ಲ. ಸಣ್ಣ ಡಬ್ಬಿಯೊಳಗೆ ಸುತ್ತಿಟ್ಟ ಒಂದು ಪಟ್ಟಿ. ಅದನ್ನು ಕ್ಯಾಮೆರಾದೊಳಗೆ ಹಾಕಿ, ಒಂದೊಂದೇ ಫೋಟೋ ತೆಗೆದು, ಮುಗಿದ ಮೇಲೆ ಕತ್ತಲ ಕೋಣೆಯಲ್ಲಿ ತೊಳೆಯಬೇಕು. ತೊಳೆಯುವವರೆಗೆ ಒಳಗೆ ಏನು ಬಿದ್ದಿದೆ ಎಂದು ತೆಗೆದವನಿಗೂ ತಿಳಿಯದು.

ಪಾಲಾಕ್ಷನದು ಪಳಗಿದ ಕೈ. ಫೋಟೋ ಮಸುಕಾಯಿತು, ಕಣ್ಣು ಮುಚ್ಚಿಹೋಯಿತು ಎಂಬ ದೂರು ಅವನ ಅಂಗಡಿಗೆ ಬಂದದ್ದೇ ಇಲ್ಲ. ಗಿರಾಕಿ ಬಂದು ಕೂತರೆ ಅವನ ಬಾಯಿಂದ ಅದೇ ಮಾತು. “ಗದ್ದ ಸ್ವಲ್ಪ ಕೆಳಗೆ. ಇಲ್ಲಿ ನೋಡಿ. ಅಲ್ಲಾಡಬೇಡಿ.” ಅಲ್ಲಿಗೆ ಮುಗಿಯಿತು. ಮುಂದಿನವರು ಬರಬಹುದು.

ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಮಾತ್ರ ಅವನು ತನಗಾಗಿ ಫೋಟೋ ತೆಗೆಯುತ್ತಿದ್ದ. ತುಂಗಭದ್ರೆಯ ದಂಡೆ, ಕಲ್ಲಿನ ಸೇತುವೆ, ನೀರಿನ ಮೇಲೆ ಏಳುವ ಬೆಳಕು. ಒಂದು ಕಾಲದಲ್ಲಿ ಒಳ್ಳೆಯ ಫೋಟೋ ಸಿಕ್ಕ ದಿನ ಅವನಿಗೆ ಹಸಿವೂ ಆಗುತ್ತಿರಲಿಲ್ಲ. ಈಗೀಗ ಹೋದ ವರ್ಷದ ಹೊಳೆಯನ್ನೂ ಈ ವರ್ಷದ ಹೊಳೆಯನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಅವನಿಗೇ ತಿಳಿಯುತ್ತಿರಲಿಲ್ಲ. ಹೊಸ ಲೆನ್ಸ್ ತಂದ. ಸ್ಟ್ಯಾಂಡ್ ಬದಲಾಯಿಸಿದ. ಬಸ್ಸು ಹತ್ತಿ ಹಂಪಿಗೆ ಹೋಗಿ ಬಂದ. ಹಂಪಿಯಲ್ಲೂ ಅವನು ತೆಗೆದದ್ದು ಹರಿಹರವನ್ನೇ.

ಹೇಳಿಕೊಳ್ಳೋಣವೆಂದರೆ ಯಾರೂ ಇರಲಿಲ್ಲ. ಊರಿನವರ ಮದುವೆಗೆಲ್ಲ ಹೋದ ಪುಣ್ಯಾತ್ಮನಿಗೆ ತನ್ನ ಮದುವೆಗೆ ಪುರುಸೊತ್ತಾಗಿರಲಿಲ್ಲ. ಸ್ಟುಡಿಯೋದ ಹಿಂದಿನ ಕೋಣೆಯಲ್ಲೇ ವಾಸ. ಒಂದು ತಟ್ಟೆ, ಒಂದು ಲೋಟ, ಒಂದು ಚಾಪೆ. ಜ್ವರ ಬಂದರೆ ಬಾಗಿಲಿಗೆ ‘ಇಂದು ರಜೆ’ ಎಂಬ ಹಲಗೆ ನೇತುಹಾಕಿ ಮಲಗುತ್ತಿದ್ದ. ಯಾಕೆ ರಜೆ ಎಂದು ಒಳಗೆ ಬಂದು ಕೇಳಿದವರಿಲ್ಲ. ಅವನ ಅಂಗಡಿಯ ಗೋಡೆ ತುಂಬ ಮುಖಗಳಿದ್ದವು. ಅವುಗಳಲ್ಲಿ ಅವನ ಮುಖ ಒಂದೂ ಇರಲಿಲ್ಲ.

ಹೀಗಿರುವಾಗ ಒಂದು ಎಡವಟ್ಟಾಯಿತು.

ಪುಷ್ಪಲತಾ ಎಂಬ ಹುಡುಗಿ ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ತೆಗೆಸಿಕೊಂಡು ಹೋಗಿದ್ದಳು. ಅದೇ ದಿನ ಇನ್ನೊಬ್ಬ ಹುಡುಗಿಯೂ ಅದೇ ಕೆಲಸಕ್ಕೆ ಬಂದಿದ್ದಳು. ಇಬ್ಬರಿಗೂ ಅದೇ ಕುರ್ಚಿ, ಅದೇ ಸರೋವರ, ಹುಡುಗಿಯರಿಗೆಂದು ಪಾಲಾಕ್ಷ ಇಟ್ಟುಕೊಂಡಿದ್ದ ಅದೇ ಮುತ್ತಿನ ಸರ. ಗದ್ದ ಸ್ವಲ್ಪ ಕೆಳಗೆ. ಕವರಿಗೆ ಹಾಕುವಾಗ ಅವನು ಒಬ್ಬಳ ಫೋಟೋ ಇನ್ನೊಬ್ಬಳ ಕವರಿಗೆ ಹಾಕಿಬಿಟ್ಟ. ಪುಷ್ಪಲತಾಳ ಸೋದರಮಾವ ಕವರನ್ನು ಬಿಚ್ಚಿಯೂ ನೋಡದೆ ಹಾಗೇ ಅಂಚೆಗೆ ಹಾಕಿದ. ಗಂಡಿನ ಕಡೆಯವರು ಫೋಟೋ ಒಪ್ಪಿ, ಒಳ್ಳೆಯ ದಿನ ನೋಡಿ, ಹೆಣ್ಣು ನೋಡಲು ಬಂದರು. ಪುಷ್ಪಲತಾ ತಿಂಡಿಯ ತಟ್ಟೆ ಹಿಡಿದು ನಡುಮನೆಗೆ ಬಂದಳು. ಹುಡುಗನ ತಾಯಿ ಅವಳನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿ, “ಎಲ್ಲಿ, ಫೋಟೋದಾಗಿದ್ದ ಹುಡುಗೀನ ಕರೀರಿ” ಅಂದಳು.

ಮರುದಿನ ಸೋದರಮಾವ ಪುಷ್ಪಲತಾಳನ್ನೂ ಕರೆದುಕೊಂಡು ಸ್ಟುಡಿಯೋಗೆ ನುಗ್ಗಿ ಬಾಯಿಗೆ ಬಂದಂತೆ ಬೈದ. ಪಾಲಾಕ್ಷ ಬೈಗುಳಕ್ಕೆ ಹೆದರಲಿಲ್ಲ. ತನ್ನಲ್ಲಿದ್ದ ಎರಡೂ ಫೋಟೋಗಳ ಪ್ರತಿಗಳನ್ನು ಮೇಜಿನ ಮೇಲಿಟ್ಟು ನೋಡಿದಾಗ ಹೆದರಿದ. ಬಾಗಿಲಲ್ಲಿ ನಿಂತಿದ್ದ ಹುಡುಗಿ ಈ ಎರಡರಲ್ಲಿ ಯಾರು ಎಂದು ಅವನಿಗೆ ಹೊಳೆಯಲಿಲ್ಲ. ತಲೆಯೆತ್ತಿ ಅವಳ ಮುಖ ನೋಡಿ, ಮತ್ತೆ ಫೋಟೋ ನೋಡಿ, ಆಮೇಲೆ ಗುರುತು ಹಿಡಿದ. ತಾನೇ ತೆಗೆದ ಮುಖ.

ಪುಷ್ಪಲತಾ ಬೈಯಲಿಲ್ಲ. “ಅವತ್ತು ನಿಮ್ಮ ಮುಂದೆ ಅಷ್ಟು ಹೊತ್ತು ಕೂತಿದ್ದೆ. ನೀವು ನನ್ನ ನೋಡ್ಲೇ ಇಲ್ಲ ಅಲ್ವಾ?” ಎಂದಷ್ಟೇ ಕೇಳಿ ಹೊರಟುಹೋದಳು.

ಆ ಮಾತು ಪಾಲಾಕ್ಷನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಅಂದು ಮತ್ತೆ ಕ್ಯಾಮೆರಾ ಮುಟ್ಟಲು ಮನಸ್ಸಾಗಲಿಲ್ಲ. ಮರುದಿನವೂ ಆಗಲಿಲ್ಲ. ಕೊನೆಗೆ ಅದನ್ನು ಚರ್ಮದ ಚೀಲಕ್ಕೆ ಹಾಕಿ, ಕೊಟ್ಟವರಿಗೇ ಹಿಂದಿರುಗಿಸಿಬಿಡೋಣ ಎಂದು ಹೊರಟ. ಅದನ್ನು ಕೊಟ್ಟುಬಿಟ್ಟರೆ ತನಗೆ ಇನ್ನೇನೂ ಉಳಿಯುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ದಾರಿಯುದ್ದಕ್ಕೂ ಚೀಲವನ್ನು ಎದೆಗೆ ಒತ್ತಿಕೊಂಡೇ ನಡೆದ.

ಕ್ಯಾಮೆರಾ ಕೊಟ್ಟವರು ಸಕ್ಕೂಬಾಯಿ. ಊರಿನವರ ಬಾಯಲ್ಲಿ ಸ್ಟುಡಿಯೋ ಅಕ್ಕ. ಗಂಡ ಇಟ್ಟ ಸ್ಟುಡಿಯೋವನ್ನು ಅವನು ಹೋದ ಮೇಲೆ ತಾನೇ ನಡೆಸಿದಾಕೆ. ಪರಗಂಡಸಿನ ಮುಂದೆ ತಲೆ ಎತ್ತದ ಹೆಂಗಸರೂ ಅವಳ ಮುಂದೆ ನಕ್ಕು ಫೋಟೋ ತೆಗೆಸಿಕೊಂಡಿದ್ದರು. ಪಾಲಾಕ್ಷನಿಗೆ ಕ್ಯಾಮೆರಾ ಹಿಡಿಯಲು ಕಲಿಸಿದವಳು ಅವಳೇ. ಈಗ ಅವಳಿಗೆ ಕಣ್ಣು ಮಂಜಾಗಿತ್ತು. ಗುಡಿಯ ಹಿಂದಿನ ಓಣಿಯ ಮನೆಯಲ್ಲಿ ಜಗಲಿಯ ಮೇಲೆ ಕೂತಿರುತ್ತಿದ್ದಳು.

“ಯಾರು?” ಅಂದಳು.

“ನಾನಕ್ಕ, ಪಾಲಾಕ್ಷ.”

“ಹೆಜ್ಜೆ ಸಪ್ಪಳ ಕೇಳಿದ್ರೆ ಹೆಣ ಹೊರೋಕೆ ಬಂದವನ ಹಂಗೈತೆ. ಕೂತ್ಕೋ.”

ಪಾಲಾಕ್ಷ ಚೀಲವನ್ನು ಅವಳ ಮಡಿಲಲ್ಲಿಟ್ಟ. “ತಗೊಳ್ರಿ ಅಕ್ಕ. ಇದು ನಿಮ್ದು.”

ಅವಳು ಕ್ಯಾಮೆರಾವನ್ನು ಹೊರತೆಗೆದು ಬೆರಳಿನಿಂದಲೇ ಎಲ್ಲ ಕಡೆ ಮುಟ್ಟಿ ನೋಡಿದಳು. “ಕೆಟ್ಟೋಗೈತಾ?”

“ಕ್ಯಾಮೆರಾ ಚೆನ್ನಾಗೈತೆ ಅಕ್ಕ. ನಾನು ಕೆಟ್ಟೋಗೀನಿ.”

ನಡೆದದ್ದನ್ನೆಲ್ಲ ಹೇಳಿದ. ಅಕ್ಕ ಅಯ್ಯೋ ಪಾಪ ಅನ್ನಲಿಲ್ಲ. ಅವಳಿಗೆ ಆ ಅಭ್ಯಾಸವೇ ಇರಲಿಲ್ಲ. “ಹೊಳೆ ಫೋಟೋ ತಂದೀಯೇನು? ನಂಗೆ ಕಾಣಲ್ಲ, ನೀನೇ ಹೇಳು. ಏನೈತೆ ಅದ್ರಾಗೆ?” ಎಂದು ಕೇಳಿದಳು.

“ನೀರು. ಸೇತುವೆ. ಆಕಾಶ.”

“ಯಾರಿದಾರೆ?”

“ಯಾರೂ ಇಲ್ಲ. ಬಟ್ಟೆ ಒಗೆಯೋರು, ಮೀನು ಹಿಡಿಯೋರು ಯಾರಾದ್ರೂ ಬಂದ್ರೆ ಅವ್ರು ಹೋಗೋವರೆಗೂ ಕಾಯ್ತೀನಿ. ಆಮೇಲೆ ತೆಗೀತೀನಿ.”

“ಹಂಗಾದ್ರೆ ಇಷ್ಟು ವರ್ಷ ಜನ ಹೋಗ್ಲಿ ಅಂತ ಕಾದೆ,” ಅಂದಳು ಅಕ್ಕ. “ಈಗ ಎಲ್ಲಾರೂ ಹೋದ್ರಲ್ಲ. ಇನ್ಯಾಕೆ ಅಳ್ತೀಯ?”

ಪಾಲಾಕ್ಷನ ಕಣ್ಣು ತುಂಬಿಕೊಂಡಿತು. ಅಕ್ಕನಿಗೆ ಅದು ಕಾಣಲಿಲ್ಲ, ಅಥವಾ ಕಂಡರೂ ಕಾಣದವಳಂತಿದ್ದಳು.

“ಹೋದ ವಾರ ರುದ್ರಮುನೀನೂ ಬಂದಿದ್ದ,” ಅಂದಳು. “ನಿನ್ನ ಹಂಗೇ ಮೋರೆ ಇಳಿಬಿಟ್ಕೊಂಡು.”

ಆ ಹೆಸರು ಕೇಳುತ್ತಲೇ ಪಾಲಾಕ್ಷ ಎದ್ದು ನಿಂತ. ಅವನು ಯಾಕೆ ಎದ್ದ ಎಂಬುದನ್ನು ಇಲ್ಲಿ ಹೇಳಿಬಿಡಬೇಕು.

ಪಾಲಾಕ್ಷ ಮತ್ತು ರುದ್ರಮುನಿ ಇಬ್ಬರೂ ಅಕ್ಕನ ಶಿಷ್ಯರು. ಇಬ್ಬರಿಗೂ ಒಂದೇ ಕ್ಯಾಮೆರಾ, ಸಂಜೆಗೆ ಇಬ್ಬರಿಗೂ ಒಂದೇ ಪೊಟ್ಟಣದ ಖಾರ ಮಂಡಕ್ಕಿ. ಜಗಳವಾಡಿದರೂ ಮಂಡಕ್ಕಿ ಮುಗಿಯುವುದರೊಳಗೆ ರಾಜಿಯಾಗುತ್ತಿತ್ತು. ಅಕ್ಕನ ಸ್ಟುಡಿಯೋದಲ್ಲಿ ಒಂದು ನಿಯಮವಿತ್ತು. ರೀಲಿನ ಡಬ್ಬಿಯಿಂದ ಹೊರಗೆ ಚಾಚಿಕೊಂಡಿರುವ ತುದಿಗೆ ಅಲ್ಲಿ ನಾಲಿಗೆ ಅನ್ನುತ್ತಿದ್ದರು. ಹೊಸ ರೀಲಿನ ನಾಲಿಗೆ ಹೊರಗಿರಬೇಕು. ಫೋಟೋ ತೆಗೆದು ಮುಗಿಸಿದ ರೀಲಿನ ನಾಲಿಗೆಯನ್ನು ಪೂರ್ತಿ ಒಳಗೆ ಸುತ್ತಿಬಿಡಬೇಕು. ಹಾಗೆ ಸುತ್ತದೆ ಬಿಟ್ಟರೆ ಮುಗಿದ ರೀಲೂ ಹೊಸದರಂತೆ ಕಾಣುತ್ತದೆ.

ಒಂದು ದೊಡ್ಡ ಮನೆತನದ ಮದುವೆಗೆ ಅಕ್ಕ ಇಬ್ಬರನ್ನೂ ಕಳಿಸಿದ್ದಳು. ಅಲ್ಲಿನ ಗಡಿಬಿಡಿಯಲ್ಲಿ ಇಬ್ಬರಲ್ಲಿ ಒಬ್ಬ ಮುಗಿದ ರೀಲಿನ ನಾಲಿಗೆಯನ್ನು ಹೊರಗೇ ಬಿಟ್ಟ. ಅದೇ ರೀಲು ಮತ್ತೆ ಕ್ಯಾಮೆರಾ ಸೇರಿತು. ತೊಳೆದು ನೋಡಿದರೆ ತಾಳಿ ಕಟ್ಟುವ ಚಿತ್ರದ ಮೇಲೆ ಊಟದ ಪಂಕ್ತಿ ಬಿದ್ದಿತ್ತು. ಮದುಮಗಳ ಕೊರಳಲ್ಲಿ ಹೋಳಿಗೆ, ಮದುಮಗನ ಹಣೆಯ ಮೇಲೆ ಉಪ್ಪಿನಕಾಯಿ. ಇನ್ನೊಬ್ಬರ ಮದುವೆಯಾಗಿದ್ದರೆ ನಗಬಹುದಿತ್ತು. ಆ ಮನೆಯವರು ಅತ್ತರು. ತಾಳಿಯನ್ನು ಎರಡನೇ ಸಲ ಕಟ್ಟಿಸಲಾಗುವುದೇ?

“ನೀನೇ ಬಿಟ್ಟದ್ದು” ಎಂದ ಪಾಲಾಕ್ಷ. “ನೀನೇ” ಎಂದ ರುದ್ರಮುನಿ. ಅಕ್ಕ ಯಾರದು ತಪ್ಪೆಂದು ವಿಚಾರಿಸಲೇ ಇಲ್ಲ. ತಾನೇ ಹೋಗಿ ಆ ಮನೆಯವರ ಮುಂದೆ ಕೈಮುಗಿದು ಬಂದಳು. ಶಿಷ್ಯರಿಬ್ಬರ ಮಾತು ಮಾತ್ರ ಅಂದೇ ನಿಂತಿತು. ಕಲಿಕೆ ಮುಗಿದಾಗ ಅಕ್ಕ ಒಬ್ಬೊಬ್ಬನಿಗೆ ಒಂದೊಂದು ಕ್ಯಾಮೆರಾ ಕೊಟ್ಟಳು. ರುದ್ರಮುನಿ ಸ್ಟೇಷನ್ ರಸ್ತೆಯಲ್ಲಿ ಅಂಗಡಿ ಹಾಕಿದ, ಪಾಲಾಕ್ಷ ಹಳೇ ಪೇಟೆಯಲ್ಲಿ. ಎದುರಾದರೆ ಒಬ್ಬ ರಸ್ತೆಯ ಆ ಬದಿ, ಇನ್ನೊಬ್ಬ ಈ ಬದಿ. ತಲೆಗೂದಲು ನೆರೆಯುವವರೆಗೂ ಹೀಗೇ ನಡೆದಿತ್ತು.

“ಕೂತ್ಕೋ ಅಂದೆ,” ಎಂದಳು ಅಕ್ಕ. ಪಾಲಾಕ್ಷ ಕೂತ. “ನಿನ್ನ ಫೋಟೋದಾಗೆ ಜನಾನೇ ಇಲ್ಲ. ಅವನ ಫೋಟೋದಾಗೆ ಜನ ಬಿಟ್ರೆ ಏನೂ ಇಲ್ಲ. ಜಾತ್ರೆ, ಸಂತೆ, ಪ್ಲಾಟ್‌ಫಾರಂ. ಉಸಿರಾಡೋಕೆ ಜಾಗ ಇಲ್ಲ ಅಕ್ಕ, ಎಲ್ಲಾ ಒಂದೇ ಥರ ಕಾಣ್ತಾವೆ ಅಂತ ಅವನೂ ಅತ್ತ. ಒಂದು ರೀಲು ತೆಗೆದು ತಂದುಕೊಡು ಅಂದೆ. ಕೊಟ್ಟು ಹೋಗಿದಾನೆ.”

ಸೆರಗಿನ ಗಂಟು ಬಿಚ್ಚಿ ಒಂದು ರೀಲನ್ನು ಅವನ ಅಂಗೈಯಲ್ಲಿಟ್ಟಳು. ಪಾಲಾಕ್ಷ ನೋಡಿದ. ಮುಗಿದ ರೀಲು. ನಾಲಿಗೆ ಹೊರಗಿತ್ತು.

“ಅಕ್ಕ! ಇದನ್ನ ಮತ್ತೆ ಹಾಕಿದ್ರೆ...”

“ಗೊತ್ತು. ಅದಕ್ಕೇ ಕೊಟ್ಟಿದ್ದು. ಇದ್ರ ಮೇಲೆ ನೀನು ತೆಗೆ. ಹೋದ ಸಲ ಅದು ಕೈತಪ್ಪಿ ಆತು. ಈ ಸಲ ಬೇಕಂತಲೇ ಮಾಡ್ರಿ. ಎರಡು ಸಲ ಪೂರ್ತಿ ಬೆಳಕು ಬಿದ್ರೆ ಚಿತ್ರ ಸುಟ್ಟು ಬೆಳ್ಳಗಾಗ್ತೈತೆ, ಅದಕ್ಕೇ ರೀಲಿಗೆ ಅರ್ಧ ಬೆಳಕು ಕೊಡು ಅಂತ ಅವನಿಗೆ ಅಂದಿದೀನಿ, ನೀನೂ ಅರ್ಧವೇ ಕೊಡು. ಎರಡು ರೀಲು ಕೊಡ್ತೀನಿ. ಎರಡರಾಗೂ ಜೀವ ಕಾಣ್ದಿದ್ರೆ ಕ್ಯಾಮೆರಾ ನಾನೇ ವಾಪಸ್ ತಗೋತೀನಿ, ನಿನ್ನ ತಂಟೆಗೆ ಬರಲ್ಲ.”

ಪಾಲಾಕ್ಷ ಒಲ್ಲದ ಮನಸ್ಸಿನಿಂದಲೇ ಕ್ಯಾಮೆರಾ ಎತ್ತಿಕೊಂಡು ಹೋದ. ರುದ್ರಮುನಿ ಏನು ತೆಗೆದಿದ್ದಾನೋ ಅವನಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಎಂದಿನಂತೆ ಹೊಳೆಗೆ ಹೋದ. ಎಂದಿನಂತೆ ಜನ ಹೋಗುವವರೆಗೂ ಕಾದ. ಎಂದಿನಂತೆ ಆಕಾಶ, ನೀರು, ಬೆಳಕು.

ಆ ರೀಲನ್ನು ಅಕ್ಕನ ಮನೆಯ ಕತ್ತಲ ಕೋಣೆಯಲ್ಲೇ ತೊಳೆದರು. ರೀಲು ತೊಳೆಯುವಾಗ ಒಂದು ಚೂರೂ ಬೆಳಕಿರಬಾರದು. ಹಾಗಾಗಿ ಕಣ್ಣಿದ್ದವರೂ ಕಣ್ಣಿಲ್ಲದವರೂ ಅಲ್ಲಿ ಸಮಸಮ. ಅಕ್ಕನ ಬೆರಳುಗಳು ಯಾವುದನ್ನೂ ಮರೆತಿರಲಿಲ್ಲ. ರೀಲು ಒಣಗಿದ ಮೇಲೆ ಪಾಲಾಕ್ಷ ಕೆಂಪು ದೀಪದ ಕೆಳಗೆ ಒಂದೊಂದೇ ಚಿತ್ರವನ್ನು ಕಾಗದಕ್ಕೆ ಇಳಿಸಿದ.

“ರುದ್ರಮುನಿ ಎಲ್ಲವ್ನೆ?” ಅಂದಳು ಅಕ್ಕ.

“ಇಲ್ಲ ಅಕ್ಕ. ಬರೀ ಬೆಳ್ಳಗೈತೆ. ನನ್ನ ಆಕಾಶ ಅವನನ್ನ ಪೂರ್ತಿ ನುಂಗಿಬಿಟ್ಟೈತೆ.”

ಒಂದರಲ್ಲಿ ಮಾತ್ರ ಹಾಗಾಗಿರಲಿಲ್ಲ. ಅದರಲ್ಲಿ ಸೇತುವೆಯ ಕಂಬದ ನೆರಳು ಅಕಸ್ಮಾತ್ತಾಗಿ ದೊಡ್ಡದಾಗಿ ಬಿದ್ದಿತ್ತು. ಆ ಕಪ್ಪು ನೆರಳಿನೊಳಗೆ ಒಬ್ಬ ಮುದುಕಿ ಕೂತು ಬೊಚ್ಚುಬಾಯಿ ತೆರೆದು ನಗುತ್ತಿದ್ದಳು. ಸ್ಟೇಷನ್ನಿನಲ್ಲೆಲ್ಲೋ ನಕ್ಕ ಮುದುಕಿ ಹೊಳೆಯ ಮೇಲೆ ಕೂತಿದ್ದಳು. ಪಾಲಾಕ್ಷ ಆ ಕಾಗದವನ್ನು ಬಹಳ ಹೊತ್ತು ಕೆಳಗಿಡಲಿಲ್ಲ. ಅಕ್ಕನಿಗೆ ಅದನ್ನು ವರ್ಣಿಸಿ ಹೇಳುವಾಗ ಅವನ ದನಿಯೇ ಬದಲಾಗಿತ್ತು.

“ಈಗ ತಿಳೀತಾ?” ಅಂದಳು ಅಕ್ಕ. “ನೀನು ಬೆಳಕು ತುಂಬಿದ ಕಡೆ ಇನ್ನೊಬ್ಬರು ಕೂರೋಕಾಗಲ್ಲ. ಕತ್ತಲು ಬಿಟ್ಟ ಕಡೆ ಮಾತ್ರ ಕೂರ್ತಾರೆ.”

“ಅವನು ಏನು ತೆಗ್ದಿದ್ದ ಅಂತ ನಂಗೇನು ಗೊತ್ತು ಅಕ್ಕ? ಎಲ್ಲಿ ಬಿಡ್ಲಿ?”

“ಗೊತ್ತಿಲ್ದೇ ಇದ್ರೂ ಜಾಗ ಬಿಡ್ಬೇಕು ಕಣೋ. ದಿನಾ ಗುಡಿ ಮುಂದೆ ಹಾದು ಹೋಗ್ತೀಯ. ಒಳಗಿರೋ ದೇವ್ರು ಅರ್ಧ ಹರಿ, ಅರ್ಧ ಹರ. ಪೂರ್ತಿ ಮೈ ನಂಗೇ ಬೇಕು ಅಂತ ಒಬ್ಬ ಹಟ ಹಿಡಿದಿದ್ರೆ ಇನ್ನೊಬ್ಬ ಎಲ್ಲಿ ನಿಲ್ತಿದ್ದ?”

ಎರಡನೇ ರೀಲು ಹೊಸದು. ಈ ಸಲ ಮೊದಲು ಪಾಲಾಕ್ಷ ತೆಗೆಯಬೇಕು, ಆಮೇಲೆ ರುದ್ರಮುನಿ.

ಮರುದಿನ ಬೆಳಿಗ್ಗೆ ಪಾಲಾಕ್ಷ ಕ್ಯಾಮೆರಾ ಹಿಡಿದು ಬೀದಿಯಲ್ಲಿ ನಿಂತ. ಇಷ್ಟು ವರ್ಷ ಬೆಳಕು ಎಲ್ಲಿದೆ ಎಂದು ಹುಡುಕಿದವನು ಈಗ ಕತ್ತಲು ಎಲ್ಲಿದೆ ಎಂದು ಹುಡುಕಬೇಕಾಯಿತು. ಹುಡುಕಿದರೆ ಅದು ಎಲ್ಲ ಕಡೆ ಇತ್ತು. ಹಿಟ್ಟಿನ ಗಿರಣಿಯ ತೆರೆದ ಬಾಗಿಲು. ಗುಡಿಯ ಕಂಬಗಳ ನಡುವಿನ ಸಂದು. ಮಗುಚಿ ಹಾಕಿದ ತೆಪ್ಪದ ಅಡಿ. ಕತ್ತಲು ಕಂಡಲ್ಲೆಲ್ಲ ನಿಂತು, ಇಲ್ಲಿ ರುದ್ರ ಯಾರನ್ನು ಕೂರಿಸುತ್ತಾನೆ ಎಂದು ಯೋಚಿಸಿದ. ರುದ್ರಮುನಿ ಮೊಣಕಾಲೂರಿ ಕೂತು ಫೋಟೋ ತೆಗೆಯುವವನು, ಆದ್ದರಿಂದ ಅವನಿಗೆ ಕೆಳಗಡೆ ಜಾಗ ಬೇಕು. ಅವನಿಗೆ ಮುದುಕರ ಕೈ ಇಷ್ಟ. ನಗುವವರು ಇಷ್ಟ. ಮಂಡಕ್ಕಿಯಲ್ಲಿ ಈರುಳ್ಳಿ ಜಾಸ್ತಿ ಇಷ್ಟ. ಇದೆಲ್ಲ ತನಗೆ ಇನ್ನೂ ನೆನಪಿದೆ ಎಂದು ಪಾಲಾಕ್ಷನಿಗೆ ಆಶ್ಚರ್ಯವಾಯಿತು.

ಕೊನೆಗೆ ಸೇತುವೆಯ ಕೆಳಗೆ ಬಂದ. ದೊಡ್ಡ ಕಮಾನು, ಅದರ ತುಂಬ ಗವಿಯಂಥ ಕಪ್ಪು. “ಇಲ್ಲಿ ಸಾಕೇನೋ ನಿಂಗೆ?” ಎಂದು ಗಟ್ಟಿಯಾಗಿ ಕೇಳಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿ ನಕ್ಕಳು. ಅವಳು ಹೋಗಲಿ ಎಂದು ಅವನು ಕಾಯಲಿಲ್ಲ. ಕಮಾನಿನ ಅಂಚನ್ನಷ್ಟೇ ಹಿಡಿದು, ನಡುವನ್ನೆಲ್ಲ ಖಾಲಿ ಬಿಟ್ಟು, ಅವಳು ಬಟ್ಟೆ ಒಗೆಯುತ್ತಿದ್ದ ಹಾಗೇ ಫೋಟೋ ತೆಗೆದ.

ರೀಲನ್ನು ಅಕ್ಕನಿಗೆ ಕೊಟ್ಟು ಬಂದ ಮೇಲೆ ಕಷ್ಟ ಶುರುವಾಯಿತು. ರುದ್ರಮುನಿ ಸೇಡಿಗೆಂದು ಎಲ್ಲವನ್ನೂ ಬೆಳ್ಳಗೆ ಸುಟ್ಟುಹಾಕಿದರೆ? ತಾನು ಬಿಟ್ಟ ಜಾಗವೆಲ್ಲ ಖಾಲಿಯೇ ಉಳಿದರೆ? ಖಾಲಿ ಇರುವುದು ಪಾಲಾಕ್ಷನಿಗೆ ಹೊಸದಲ್ಲ. ಆದರೆ ಇಷ್ಟು ದಿನ ಅವನು ಯಾರಿಗೂ ಕಾದಿರಲಿಲ್ಲ. ಈಗ ಕಾಯುತ್ತಿದ್ದ. ಬೆಳಿಗ್ಗೆ ಎಂದಿನಂತೆ ಹೊಳೆ ದಂಡೆಗೆ ಕ್ಯಾಮೆರಾ ಒಯ್ದು ನಿಂತರೂ ಮನಸ್ಸೆಲ್ಲ ಆ ರೀಲಿನ ಮೇಲೇ. ಕಾಯುವವನಿಗೆ ಕೋಣೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಅಕ್ಕ ಇಬ್ಬರಿಗೂ ಒಂದೇ ಹೊತ್ತಿಗೆ ಹೇಳಿಕಳಿಸಿದಳು. ಇಬ್ಬರಿಗೂ ಇನ್ನೊಬ್ಬ ಬರುತ್ತಾನೆಂದು ಹೇಳಿರಲಿಲ್ಲ. ಬಾಗಿಲಲ್ಲಿ ಎದುರಾದರು. ರಸ್ತೆಗಾದರೆ ಎರಡು ಬದಿ ಇರುತ್ತದೆ. ಅಕ್ಕನ ಮನೆಯ ಬಾಗಿಲು ಒಬ್ಬರು ನುಗ್ಗುವಷ್ಟೇ ಅಗಲ. ರುದ್ರಮುನಿ ಸರಿದು ನಿಂತ. ಪಾಲಾಕ್ಷ ತಲೆ ತಗ್ಗಿಸಿ ಒಳಗೆ ಹೋದ.

ಕತ್ತಲ ಕೋಣೆಯಲ್ಲಿ ಮೂವರೂ ನಿಂತರು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಹತ್ತಿರದಲ್ಲೇ ರುದ್ರಮುನಿಯ ಉಸಿರು ಕೇಳುತ್ತಿತ್ತು. “ನೀರು,” ಅಂದಳು ಅಕ್ಕ. ಇಬ್ಬರ ಕೈಯೂ ಒಟ್ಟಿಗೆ ಚೊಂಬಿಗೆ ಹೋಗಿ ತಾಗಿತು. ಹಿಂದೆ ಶಿಷ್ಯರಾಗಿದ್ದಾಗಲೂ ಹೀಗೇ ತಾಗುತ್ತಿತ್ತು. ಆಗ ಇಬ್ಬರೂ ಗುದ್ದಾಡುತ್ತಿದ್ದರು, ಈಗ ಇಬ್ಬರೂ ಕೈ ಹಿಂದೆ ತೆಗೆದರು. “ಯಾರಾದ್ರೂ ಒಬ್ರು ಕೊಡ್ರೋ, ರೀಲು ಹಾಳಾಗುತ್ತೆ,” ಎಂದು ಅಕ್ಕ ಗದರಿದಳು. ಪಾಲಾಕ್ಷ ಚೊಂಬು ಕೊಟ್ಟ.

ರೀಲು ಒಣಗಬೇಕಿತ್ತು. ಅಕ್ಕ ಜಗಲಿಯ ಮೇಲೆ ಇಬ್ಬರ ನಡುವೆ ಒಂದೇ ತಟ್ಟೆ ಮಂಡಕ್ಕಿ ಇಟ್ಟು ಒಳಗೆ ಹೋದಳು. ಯಾರೂ ಮುಟ್ಟಲಿಲ್ಲ. ಬಹಳ ಹೊತ್ತಾದ ಮೇಲೆ ಪಾಲಾಕ್ಷ ಈರುಳ್ಳಿ ಇದ್ದ ಕಡೆಯನ್ನು ರುದ್ರಮುನಿಯತ್ತ ತಿರುಗಿಸಿದ. ರುದ್ರಮುನಿ ಒಂದು ಹಿಡಿ ತೆಗೆದುಕೊಂಡ.

ಕೆಂಪು ದೀಪದ ಕೆಳಗೆ ಕಾಗದಗಳು ಒಂದೊಂದಾಗಿ ಚಿತ್ರ ಮೂಡಿಸುವ ಔಷಧಿಯ ನೀರಿಗಿಳಿದವು. ಎಲ್ಲವೂ ಚೆನ್ನಾಗಿ ಬಂದವೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದರಲ್ಲಿ ಯಾರದೋ ಮೂಗಿನ ಮೇಲೆ ಗುಡಿಯ ಕಂಬ ನಿಂತಿತ್ತು. ಇನ್ನೊಂದು ಬರೀ ಕಲಸುಮೇಲೋಗರ. ಆದರೆ ಗಿರಣಿಯ ಕಪ್ಪು ಬಾಗಿಲಿನೊಳಗೆ ಹೂ ಕಟ್ಟುವ ಎರಡು ಮುದಿ ಕೈಗಳು ಮೂಡಿದವು. ತೆಪ್ಪದ ಅಡಿಯ ಕತ್ತಲಲ್ಲಿ ಒಂದು ಮಗು ನಿದ್ದೆ ಮಾಡುತ್ತಿತ್ತು. ಪಾಲಾಕ್ಷ ಬಿಟ್ಟ ಜಾಗದಲ್ಲಿ ರುದ್ರಮುನಿಯ ಜನ ಬಂದು ಕೂತಿದ್ದರು. ರುದ್ರಮುನಿಯ ಜನಕ್ಕೆ ಮೊದಲ ಸಲ ಕೂರಲು ಜಾಗ ಸಿಕ್ಕಿತ್ತು.

“ಏನು ಕಾಣ್ತೈತೆ, ಹೇಳ್ರೋ,” ಎಂದು ಅಕ್ಕ ಅವಸರಪಡಿಸುತ್ತಿದ್ದಳು.

ಕೊನೆಯದು ಸೇತುವೆಯ ಕಮಾನು. ಮೊದಲು ಕಲ್ಲಿನ ಅಂಚು ಮೂಡಿತು. ಒಂದು ಮೂಲೆಯಲ್ಲಿ ಬಟ್ಟೆ ಒಗೆಯುವ ಹೆಂಗಸು. ಆಮೇಲೆ ನಿಧಾನವಾಗಿ ಕಮಾನಿನ ಕಪ್ಪಿನೊಳಗೆ ಬೆಳ್ಳಗೆ ಹೊಳೆ ಹರಿಯಿತು. ಹೊಳೆಯ ದಂಡೆಯಲ್ಲಿ ಒಬ್ಬ ಮನುಷ್ಯ ಬೆನ್ನು ಮಾಡಿ ನಿಂತಿದ್ದ. ಮುಂದೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಹೆಗಲು ಸ್ವಲ್ಪ ಬಾಗಿತ್ತು. ಸುತ್ತ ಯಾರೂ ಇರಲಿಲ್ಲ.

ಆ ಅಂಗಿ ಯಾರದೆಂದು ಪಾಲಾಕ್ಷನಿಗೆ ಗೊತ್ತಾಯಿತು. ಊರಿನವರನ್ನೆಲ್ಲ ಫೋಟೋದಲ್ಲಿ ಕೂರಿಸಿದವನು ಮೊದಲ ಸಲ ಒಂದು ಫೋಟೋದೊಳಗೆ ತಾನೇ ನಿಂತಿದ್ದ.

“ಸುಮ್ನಾದ್ರಲ್ಲ. ಏನೈತೆ ಅದ್ರಾಗೆ?” ಅಂದಳು ಅಕ್ಕ.

“ನಾನಿದೀನಿ ಅಕ್ಕ. ಹೊಳೆ ದಂಡೇಲಿ,” ಅಂದ ಪಾಲಾಕ್ಷ. ಸ್ವಲ್ಪ ತಡೆದು, “ಒಬ್ಬನೇ ನಿಂತೀನಿ,” ಅಂದ.

“ಒಬ್ಬನೇ ಎಲ್ಲಿದ್ದೆ?” ಎಂದ ರುದ್ರಮುನಿ. ಅಷ್ಟು ವರ್ಷಗಳ ಮೇಲೆ ಅವನು ಪಾಲಾಕ್ಷನ ಜೊತೆ ಆಡಿದ ಮೊದಲ ಮಾತು ಅದು. “ಹಿಂದೆ ನಾನು ನಿಂತಿದ್ದೆನಲ್ಲೋ.”

ಪಾಲಾಕ್ಷ ಕಣ್ಣೊರೆಸಿಕೊಳ್ಳಲು ಹೋಗಿ ಕೈಗಂಟಿದ್ದ ಔಷಧಿಯನ್ನೇ ಕಣ್ಣಿಗೆ ಒರೆಸಿಕೊಂಡ. “ಉರೀತು, ಉರೀತು” ಎಂದು ಕೂಗಿದ. ರುದ್ರಮುನಿ ಚೊಂಬಿನಿಂದ ನೀರು ಹಾಕಿ ತೊಳೆದ. ಔಷಧಿಯ ನೀರು ಯಾವುದು, ಅಳುವಿನ ನೀರು ಯಾವುದು ಎಂದು ವಿಚಾರಿಸಲು ಹೋಗಲಿಲ್ಲ. ಅಂದು ಮದುವೆಮನೆಯಲ್ಲಿ ನಾಲಿಗೆ ಹೊರಗೆ ಬಿಟ್ಟವರು ಯಾರು ಎಂಬುದನ್ನೂ ಇಬ್ಬರೂ ಆಮೇಲೆ ಕೇಳಲಿಲ್ಲ.

ಪಾಲಾಕ್ಷ ವಾಪಸ್ ಕೊಡಬೇಕಾಗಬಹುದೆಂದು ತಂದಿದ್ದ ಕ್ಯಾಮೆರಾದ ಚೀಲವನ್ನು ಅಕ್ಕ ಅವನ ಹೆಗಲಿಗೇ ಹಾಕಿದಳು. “ಇನ್ನು ಮನೆಗೆ ಹೋಗ್ರಪ್ಪ. ನಂಗೆ ನಿದ್ದೆ ಬರ್ತೈತೆ,” ಅಂದಳು.

ಆ ವಾರವೇ ಪಾಲಾಕ್ಷ ಪುಷ್ಪಲತಾಳ ಮನೆಗೆ ಹೋಗಿ ತಪ್ಪೊಪ್ಪಿಕೊಂಡ. ಇನ್ನೊಂದು ಫೋಟೋ ತೆಗೆಯಲು ಅವಕಾಶ ಕೊಡಬೇಕೆಂದು ಕೇಳಿದ. ಅವಳು ಬಂದಾಗ ಸ್ಟುಡಿಯೋದ ಪರದೆಯನ್ನು ಸುತ್ತಿಟ್ಟಿದ್ದ. ಮುತ್ತಿನ ಸರವೂ ಇರಲಿಲ್ಲ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ರುದ್ರಮುನಿ ಕೂತು ಅವಳ ಜೊತೆ ಊರ ಸುದ್ದಿ ಹರಟುತ್ತಿದ್ದ. ಮಾತಾಡಿಸುವುದು ಅವನ ಪಾಲು, ನೋಡುವುದು ಪಾಲಾಕ್ಷನ ಪಾಲು.

“ಎಲ್ಲಿ ನೋಡ್ಲಿ?” ಎಂದು ಪುಷ್ಪಲತಾ ಕೇಳಿದಳು.

“ನಿಂಗೆ ಎಲ್ಲಿ ನೋಡ್ಬೇಕು ಅನ್ಸುತ್ತೋ ಅಲ್ಲಿ ನೋಡಮ್ಮ,” ಅಂದ ಪಾಲಾಕ್ಷ. “ನಾನು ನಿನ್ನ ನೋಡ್ತೀನಿ.”

ಫೋಟೋ ಒಯ್ಯಲು ಸೋದರಮಾವನೇ ಬಂದ. ಈ ಸಲ ಕವರು ಬಿಚ್ಚಿ ನೋಡಿದ. ಫೋಟೋದಲ್ಲಿ ಸೋದರಸೊಸೆ ಏನನ್ನೋ ಹೇಳಲು ಬಾಯಿ ತೆರೆದು, ಹೇಳುವ ಮುಂಚೆಯೇ ನಗು ಬಂದು ನಿಂತಿದ್ದಳು. ಅವನು ಸುಮಾರು ಹೊತ್ತು ನೋಡಿ, ಮೀಸೆ ತಿರುವಿ, “ಇದನ್ನ ಬೇರೆ ಯಾರ ಕವರಿಗೆ ಹಾಕಿದ್ರೂ ವಾಪಸ್ ನಮ್ಮನೇಗೇ ಬರುತ್ತೆ ಬಿಡ್ರಿ,” ಅಂದ.

ಪಾಲಾಕ್ಷನ ಅಂಗಡಿಯ ಗೋಡೆಯ ಮೇಲೆ ಈಗ ಸೇತುವೆಯ ಕಮಾನಿನ ಆ ಚಿತ್ರವಿದೆ. ಹಿಂದಿನ ಕೋಣೆಯಲ್ಲಿ ಎರಡು ಲೋಟಗಳಿವೆ.

ನೀತಿ: ತನ್ನ ಚಿತ್ರವನ್ನೆಲ್ಲ ತಾನೇ ತುಂಬಿಕೊಂಡವನಿಗೆ ಎಲ್ಲಿ ನೋಡಿದರೂ ಹಳೆಯದೇ ಕಾಣುತ್ತದೆ. ಇನ್ನೊಬ್ಬರು ಬಂದು ಕೂರಲು ಸ್ವಲ್ಪ ಜಾಗ ಬಿಡಿ. ನಿಮಗೆ ಕಾಣದ ನಿಮ್ಮನ್ನೂ ಅವರೇ ತೋರಿಸುತ್ತಾರೆ.